ಬಂದ್ ಬಿದ್ದ ಮಷಿನ್‌ಗೆ ಕಾಯಿ ಒಡೆಯುವುದಿಲ್ಲ

ಚಿಕ್ಕೋಡಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಇದ್ದ ನನ್ನ ಅಂಗಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಉಗಾರ ಬುದ್ರುಕದಿಂದ, ಕಾಗವಾಡದಿಂದ, ರಾಯಬಾಗದಿಂದ ಸುಟ್ಟ ಮೋಟಾರು ತರುವ ರೈತರಿಗೆ ದಾರಿ ಗೊತ್ತಿತ್ತು. ಕಬ್ಬಿಗೆ ನೀರು ಹಾಯಿಸುವ ಪಂಪಿನ ಮೋಟಾರು ಸುಟ್ಟರೆ, ಒಳಗೆ ಕರ್ರಗಾದ ತಾಮ್ರದ ತಂತಿಯನ್ನೆಲ್ಲ ಕಡಿದು ತೆಗೆದು, ಹೊಸ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸಿ ಕೊಡುವುದು ನನ್ನ ಕೆಲಸ. ರಿವೈಂಡಿಂಗ್ ಎನ್ನುತ್ತಾರೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಒಬ್ಬ ಉಸ್ತಾದರ ಕೈಕೆಳಗೆ ಕುಳಿತು ಕಲಿತೆ. ನನ್ನ ಕೈಯಿಂದ ಹೋದ ಮೋಟಾರು ಅದೇ ಹಂಗಾಮಿನಲ್ಲಿ ತಿರುಗಿ ಬಂದದ್ದು ನನಗೆ ನೆನಪಿಲ್ಲ. ಬಂದಿದ್ದರೆ ನೆನಪಿರುತ್ತಿತ್ತು.

ನಮ್ಮ ಉದ್ಯೋಗದಲ್ಲಿ ಒಂದು ಅಪ್ರಾಮಾಣಿಕ ದಾರಿ ಇದೆ. ಗಿರಾಕಿಯ ಮೋಟಾರಿನ ಬಾಡಿ ಗಟ್ಟಿಯಾಗಿದ್ದರೆ ಅದನ್ನು ಅಂಗಡಿಯಲ್ಲಿ ಇಟ್ಟುಕೊಂಡು, ಬೇರೆ ಯಾವುದೋ ಹಳೆಯ ಬಾಡಿಗೆ ತಂತಿ ಸುತ್ತಿ, ಬಣ್ಣ ಹೊಡೆದು ಕೊಟ್ಟುಬಿಡುವುದು. ಮೋಟಾರು ತಿರುಗುತ್ತದೆ, ನೀರು ಬರುತ್ತದೆ, ರೈತನಿಗೆ ಗೊತ್ತಾಗುವುದಿಲ್ಲ. ನಾನು ಅದನ್ನು ಮಾಡಲಿಲ್ಲ. ಬಾಡಿ ಯಾರದೋ ಅವರಿಗೇ ಹೋಗಬೇಕು. ಒಳಗಿನ ತಂತಿ ಬದಲಾದರೂ ಅದು ಅವರ ಮೋಟಾರೇ. ಇದನ್ನು ಮೊದಲೇ ಹೇಳಲು ಕಾರಣ, ಮುಂದೆ ಕಂಪ್ಯೂಟರಿನ ವಿಷಯದಲ್ಲಿ ಇದೇ ಮಾತು ನನ್ನ ಕೊರಳಿಗೆ ಬಂದದ್ದು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಅಂಗಡಿಯ ಹಿಂದಿನ ಖೋಲಿಯಲ್ಲಿ ಬೇರೆ ತರಹದ ಸಾಮಾನು ಸೇರತೊಡಗಿತ್ತು. ಮೊದಲು ಬಂದದ್ದು ಅಥಣಿಯ ಯಾವುದೋ ಕಚೇರಿಯವರು ಗುಜರಿಗೆ ಹಾಕಿದ ಕಂಪ್ಯೂಟರ್. ಅದರೊಳಗಿನ ತಾಮ್ರ ಸಿಕ್ಕೀತೆಂದು ಗುಜರಿಯವನಿಂದ ತಂದಿದ್ದೆ. ಮುಚ್ಚಳ ಬಿಚ್ಚಿ ನೋಡಿದ ಮೇಲೆ ಕಡಿಯಲು ಮನಸ್ಸು ಬರಲಿಲ್ಲ. ಹಸಿರು ಹಲಗೆಯ ಮೇಲೆ ಕೂದಲೆಳೆಯಂಥ ತಾಮ್ರದ ಗೆರೆಗಳು ಒಂದಕ್ಕೊಂದು ತಾಗದೆ ಓಡಿದ್ದವು. ಜೀವಮಾನವೆಲ್ಲ ತಂತಿ ಸುತ್ತಿದವನಿಗೆ ಚೊಕ್ಕ ಕೆಲಸ ಕಣ್ಣಿಗೆ ಬಿದ್ದರೆ ತಿಳಿಯುತ್ತದೆ. ಅದನ್ನು ಎತ್ತಿಟ್ಟೆ. ಆಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ಬೆಳಗಾವಿ ಕಡೆಯಿಂದ ಒಂದು, ಕೊಲ್ಹಾಪುರದ ಹಳೇ ಸಾಮಾನಿನ ಬಜಾರದಿಂದ ಒಂದು, ಟೀವಿ ರಿಪೇರಿ ಮಾಡುವವನೊಬ್ಬ ಬೇಸರಪಟ್ಟು ಕೊಟ್ಟದ್ದು ಒಂದು. ಇದಕ್ಕೆ ಸಂಗ್ರಹ ಎನ್ನುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಮನೆಯವಳು ಅಡಗಳ ಎನ್ನುತ್ತಿದ್ದಳು. ದಾರಿಗೆ ಅಡ್ಡ ಬಿದ್ದ ಕೆಲಸಕ್ಕೆ ಬಾರದ ಸಾಮಾನಿಗೆ ನಮ್ಮ ಕಡೆ ಹಾಗನ್ನುತ್ತಾರೆ.

ನನಗೆ ಇಂಗ್ಲಿಷ್ ಪುಸ್ತಕ ಓದಲು ಬರುತ್ತಿರಲಿಲ್ಲ, ಆದರೆ ಹಲಗೆಯ ಮೇಲೆ ಕಾಲೂರಿ ಕುಳಿತ ಕಪ್ಪು ಚಿಪ್ಪುಗಳ, ಅಂದರೆ ಐಸಿಗಳ, ಬೆನ್ನ ಮೇಲಿನ ನಂಬರು ಓದಲು ಬರುತ್ತಿತ್ತು. ಕೆಟ್ಟ ಮಷಿನ್ ಕೈಗೆ ಬಂದರೆ ಎರಡು ದಾರಿ. ಕೆಟ್ಟ ಭಾಗವನ್ನೇ ಹುಡುಕಿ ಚೊಲೋ ಮಾಡುವುದು ಒಂದು. ಅಂಥದೇ ಇನ್ನೊಂದು ಮಷಿನ್ ಬಿಚ್ಚಿ ಅದರ ಭಾಗವನ್ನು ಇದಕ್ಕೆ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಒಂದು ಬದುಕುತ್ತದೆ, ಒಂದು ಹೋಗುತ್ತದೆ. ನಾನು ಮೊದಲನೆಯ ದಾರಿಯವನು. ಭಾಗ ಬದಲಿಸಲು ಮಿಸ್ತ್ರಿ ಯಾಕೆ ಬೇಕು, ಪಾನಾ, ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಮಾಡುತ್ತಾರೆ ಎಂದು ಗಿರಾಕಿಗಳ ಎದುರು ಜೋರಾಗಿಯೇ ಹೇಳುತ್ತಿದ್ದೆ.

ತೊಂಬತ್ತರ ದಶಕದ ನಡುವೆ ನಿಪ್ಪಾಣಿ ಕಡೆಯ ಒಂದು ಹೈಸ್ಕೂಲಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ಲಿಲಾವಿನಲ್ಲಿ ಕೂಗಿ ಮಾರುತ್ತಾರೆಂಬ ಸುದ್ದಿ ಬಂತು. ಸುದ್ದಿ ತಂದವನು ಭೋಜದ ಒಬ್ಬ ರೈತ. ಅವರದು ಹಳೇ ಒಕ್ಕಲುತನದ ಮನೆ, ಕಬ್ಬಿನ ಹೊಲ, ಟ್ರ್ಯಾಕ್ಟರು. ನನಗಿಂತ ಸಣ್ಣವನು. ಮೋಟಾರು ತಂದು ತಂದು ದೋಸ್ತಿ ಆಗಿತ್ತು. ನಾನು ಅವನಿಗೆ ಮಾಲಕರು ಎನ್ನುತ್ತಿದ್ದೆ, ಅವನು ನನಗೆ ಮಿಸ್ತ್ರಿ ಎನ್ನುತ್ತಿದ್ದ. ಮೋಟಾರು ಒಣಗುವ ತನಕ ಹಿಂದಿನ ಖೋಲಿಗೆ ಹೋಗಿ ನನ್ನ ಮಷಿನುಗಳನ್ನು ನೋಡುತ್ತ ನಿಲ್ಲುತ್ತಿದ್ದ. ಕೈ ಹಿಂದೆ ಕಟ್ಟಿಕೊಂಡೇ ನೋಡುತ್ತಿದ್ದ.

ಕೈ ಯಾಕೆ ಹಿಂದೆ ಕಟ್ಟುತ್ತಾನೆಂಬುದು ಲಿಲಾವಿನ ದಿನ ಗೊತ್ತಾಯಿತು. ಅವನು ಕಲಿತದ್ದು ಅದೇ ಹೈಸ್ಕೂಲಿನಲ್ಲಿ. ಅವನು ಹತ್ತನೆಯ ಇಯತ್ತೆಯಲ್ಲಿದ್ದಾಗ ಆ ಕಂಪ್ಯೂಟರುಗಳು ಬಂದಿದ್ದವಂತೆ. ಕೀಬೋರ್ಡು, ಹಲಗೆ ಎಲ್ಲ ಒಂದೇ ಡಬ್ಬಿಯಲ್ಲಿ. ಟೀವಿಗೆ ಜೋಡಿಸಿ, ಟೇಪ್ ರೆಕಾರ್ಡರಿನ ಕ್ಯಾಸೆಟ್‌ನಿಂದ ಪ್ರೋಗ್ರಾಮ್ ಓದಿಸುವಂಥವು. ಧೂಳು ಒಳಗೆ ಹೋದೀತೆಂದು ಖೋಲಿಗೆ ಕೀಲಿ, ಮಷಿನ್ ಮೇಲೆ ಅರಿವೆ. ವಾರಕ್ಕೊಮ್ಮೆ ಹುಡುಗರು ಚಪ್ಪಲಿ ಹೊರಗೆ ಬಿಟ್ಟು, ಕೈ ಹಿಂದೆ ಕಟ್ಟಿ, ಬಾಗಿಲಲ್ಲಿ ಸಾಲಾಗಿ ನಿಂತು ನೋಡಬೇಕು. ಮಾಸ್ತರರು ಒಂದನ್ನು ಚಾಲೂ ಮಾಡಿ ತೋರಿಸುತ್ತಿದ್ದರು. ಅವನು ನಿಲ್ಲುತ್ತಿದ್ದ ಜಾಗದಿಂದ ಕಿಡಕಿಯ ಹತ್ತಿರದ ಒಂದೇ ಮಷಿನ್ ಕಾಣುತ್ತಿತ್ತು. ಅದರ ಬಲಗಡೆ ಹಳದಿ ಬಣ್ಣದಲ್ಲಿ ಮೂರು ಎಂದು ಬರೆದಿತ್ತು.

ಲಿಲಾವಿನಲ್ಲಿ ಅವನು ಬೇರೆ ಯಾವುದನ್ನೂ ನೋಡಲಿಲ್ಲ. ಮೂರು ನಂಬರಿನದನ್ನು ಹುಡುಕಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ನಾನು ಇನ್ನೊಂದನ್ನು ತಗೊಂಡೆ. ಉಳಿದವು ಇಲಿ ಕಡಿದು ಹಾಳಾಗಿದ್ದವು.

ಅವನದು ಸ್ವಲ್ಪ ಒರೆಸಿದ್ದಕ್ಕೇ ಚಾಲೂ ಆಯಿತು. ನನ್ನದು ಪೂರ್ತಿ ಬಂದ್ ಇತ್ತು. ಅದರ ಸಪ್ಲಾಯ್ ಸುಟ್ಟಿತ್ತು, ಕೆಪ್ಯಾಸಿಟರುಗಳು ಉಬ್ಬಿದ್ದವು, ಕೀಬೋರ್ಡಿನ ಕೀಲಿಗಳು ಹಿಡಿದುಕೊಂಡಿದ್ದವು. ಬೇಸಗೆಯೆಲ್ಲ ಅದರ ಮೇಲೆ ಕುಳಿತೆ. ಒಂದು ಭಾಗವನ್ನೂ ಇನ್ನೊಂದು ಮಷಿನ್‌ನಿಂದ ತೆಗೆಯಲಿಲ್ಲ. ಕಡೆಗೆ ಸ್ವಿಚ್ ಒತ್ತಿದಾಗ ಅದು ಕೊಳಲಿನಂತೆ ಎರಡು ಸ್ವರ ಊದಿ ಟೀವಿಯ ಮೇಲೆ ಅಕ್ಷರ ತೋರಿಸಿತು. ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದೆ. ಇದು ಏನ್ ಮಾಡತೈತಿ ಎಂದು ಕಾಗವಾಡದ ಮುದುಕರೊಬ್ಬರು ಕೇಳಿದರು. ಏನೂ ಮಾಡೂದಿಲ್ರಿ, ನಾ ಮಾಡಿದ್ದು ಇದು ಎಂದೆ. ಅವರು ತಲೆ ಅಲ್ಲಾಡಿಸಿ ತಮ್ಮ ಮೋಟಾರಿನ ವಿಷಯ ತೆಗೆದರು.

ಭೋಜದ ಮನೆಯ ಯಜಮಾನಿಕೆ ಅವನ ತಾಯಿಯದು. ಊರೆಲ್ಲ ಆಯಿ ಎನ್ನುವ ಹೆಂಗಸು. ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಆ ಮನೆಯಲ್ಲಿ ಖಂಡೇನವಮಿಗೆ ಒಂದು ಪದ್ಧತಿ ಇತ್ತು. ನವಮಿ ಎಂದರೆ ಹತಾರಗಳ ಪೂಜೆ. ಕುಡಗೋಲು, ಕುರ್ಪಿಯಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ಕುಂಕುಮ, ಚೆಂಡು ಹೂ, ಕಾಯಿ. ಅದು ಎಲ್ಲ ಕಡೆ ಇರುವುದೇ. ಆದರೆ ಆಯಿ ಬಂದ್ ಬಿದ್ದ ಹತಾರಕ್ಕೆ ಪೂಜೆ ಮಾಡುತ್ತಿರಲಿಲ್ಲ. ಪೂಜೆಯಾಗದ ಹತಾರ ಮನೆಯಲ್ಲಿ ಉಳಿಯುವಂತಿರಲಿಲ್ಲ. ನವಮಿಯ ದಿನ ಒಂದೊಂದನ್ನೂ ನಡೆಸಿ ನೋಡುತ್ತಿದ್ದಳು. ನಡೆಯದ್ದು ಅಂದೇ ಹೊರಗೆ, ಗುಜರಿಯವನ ಗಾಡಿಗೆ. ಹಿಂದೊಮ್ಮೆ ತನ್ನ ಮದುವೆಯಲ್ಲಿ ಬಂದ ಹೊಲಿಗೆ ಮಷಿನನ್ನೇ ಹಾಗೆ ಹಾಕಿದ್ದಳಂತೆ.

ಮಗ ಕಂಪ್ಯೂಟರು ತಂದ ಮೊದಲ ನವಮಿಗೆ ಅದು ನಡೆಯಿತು, ಪೂಜೆಗೆ ಕುಳಿತಿತು. ಆಯಿ ಪಂಪಿನ ಸ್ಟಾರ್ಟರಿಗೆ, ಟ್ರ್ಯಾಕ್ಟರಿನ ಬಾನೆಟ್ಟಿಗೆ ಮಾಡುವಂತೆ ಅದಕ್ಕೂ ಮಾಡಿದಳು. ಕಾಯಿ ಒಡೆದು ಅದರ ನೀರನ್ನು ಮಷಿನ್ ಮೇಲೆ ಸುತ್ತ ಹೊಯ್ದಳು. ಸ್ಟಾರ್ಟರಿಗೆ ಅದರಿಂದ ಏನೂ ಆಗುವುದಿಲ್ಲ. ಈ ಮಷಿನ್‌ಗೆ ಮೇಲೆಲ್ಲ ಗಾಳಿಗಾಗಿ ಬಿಟ್ಟ ಸಂದುಗಳು. ಅವನು ಮೇಲೆ ಒರೆಸಿ, ಒಳಗೂ ಒಣಗೀತು ಎಂದುಕೊಂಡ. ಸಂಜೆ ಮಂದಿ ಬರುವ ಮೊದಲು ಒಬ್ಬನೇ ಸ್ವಿಚ್ ಹಾಕಿ ನೋಡಿದ. ಏನೂ ಬರಲಿಲ್ಲ.

ಅದನ್ನು ನನ್ನ ಕಡೆ ತರಲು ಅವನು ತಿಂಗಳುಗಟ್ಟಲೆ ತಡ ಮಾಡಿದ. ನಾನು ಬೈಯುತ್ತೇನೆಂದು. ಕೌದಿಯಲ್ಲಿ ಸುತ್ತಿ ತಂದು ಟೇಬಲ್ ಮೇಲೆ ಇಟ್ಟಾಗ ಶ್ರಾವಣ ಮುಗಿಯುತ್ತ ಬಂದಿತ್ತು. ಮುಚ್ಚಳ ತೆಗೆದೆ. ಒಳಗೆ ಕುಂಕುಮ ಕೆಸರಾಗಿ ಒಣಗಿತ್ತು, ತಾಮ್ರ ಹಸಿರು ಹಿಡಿದಿತ್ತು, ಕಾಯಿನೀರಿನ ಸಿಹಿಗೆ ಬಂದ ಇರುವೆಗಳು ಐಸಿಗಳ ಕೆಳಗೆ ಮನೆ ಮಾಡಿದ್ದವು. ಬೈದೆ. ಆಯಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಅವತ್ತೇ ಹೊರಗೆ ಹೋಗುತ್ತಿತ್ತು ಎಂದ. ಮುಂದಿನ ನವಮಿಗೆ ಅವಳು ನಡೆಸಿ ನೋಡುತ್ತಾಳೆ, ಅಷ್ಟರೊಳಗೆ ಚಾಲೂ ಆಗಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಅವನ ಅಣ್ಣ ಹೊಸದನ್ನು ಕೊಡಿಸಲು ತಯಾರಿದ್ದನಂತೆ. ನಿಪ್ಪಾಣಿಯಲ್ಲಿ ಆಗ ಬಣ್ಣದ ಪರದೆಯ ಹೊಸ ಕಂಪ್ಯೂಟರುಗಳು ಬಂದಿದ್ದವು. ಇದನ್ನು ಬಿಸಾಕಿ ಅದನ್ನು ತಗೊ ಎಂದಿದ್ದನಂತೆ. ಆ ಮಾತನ್ನು ಅವನು ನನಗೆ ಹೇಳಿದ್ದು ನಗುತ್ತ. ಅದನ್ನು ಒಂದು ದಾರಿ ಎಂದು ಅವನೂ ಎಣಿಸಿರಲಿಲ್ಲ, ನಾನೂ ಎಣಿಸಲಿಲ್ಲ.

ಕೆಲಸ ಹಿಡಿದೆ. ಹಲಗೆಯನ್ನು ಬ್ಯಾಟರಿಗೆ ಹಾಕುವ ನೀರಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ಮೇಲೆ ಅರಿವೆ ಹೊದಿಸಿ ಬಿಸಿಲಿಗೆ ಇಟ್ಟೆ. ತಿಂದುಹೋದ ಗೆರೆಗಳ ಜಾಗದಲ್ಲಿ ಫ್ಯಾನಿನ ವೈಂಡಿಂಗಿಗೆ ಬಳಸುವ ತೆಳು ತಂತಿಯನ್ನು ಬೆಸೆದೆ. ಮೋಟಾರಿನ ಕೆಲಸ ಹಗಲಿಗೆ, ಇದು ಊಟದ ಹೊತ್ತಿಗೆ. ಕೆಟ್ಟ ಕೆಲವು ಐಸಿಗಳು ಕೊಲ್ಹಾಪುರದಲ್ಲಿ ಸಿಕ್ಕವು. ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಸ್ವಿಚ್ ಹಾಕಿದಾಗ ಅದು ತನ್ನ ಎರಡು ಸ್ವರ ಊದಿತು. ಆದರೆ ಟೀವಿ ಕಪ್ಪಾಗಿಯೇ ಉಳಿಯಿತು.

ಟೀವಿಗೆ ಚಿತ್ರ ಕಳಿಸುವ ಕೆಲಸ ಒಂದೇ ಐಸಿಯದು. ಅವನದರಿಂದ ಅದನ್ನು ಬಿಚ್ಚಿ, ಲಿಲಾವಿನಿಂದ ತಂದ ನನ್ನ ಮಷಿನ್‌ಗೆ ಹಾಕಿದೆ; ನನ್ನದರ ಚಿತ್ರವೂ ಹೋಯಿತು. ನನ್ನದನ್ನು ಮತ್ತೆ ಅದರ ಜಾಗಕ್ಕೆ ಹಾಕಿದೆ, ಚಿತ್ರ ಬಂತು. ಕೆಟ್ಟದ್ದು ಯಾವುದೆಂದು ಸಂಶಯ ಉಳಿಯಲಿಲ್ಲ. ಅದು ಬಜಾರದ ಐಸಿ ಅಲ್ಲ, ಆ ಮಷಿನ್ ಮಾಡಿದವರು ಅದಕ್ಕೆಂದೇ ಮಾಡಿಸಿದ್ದು. ಕೊಲ್ಹಾಪುರದ ಅಂಗಡಿಯವನು ಮುಂಬಯಿಗೆ ಫೋನು ಮಾಡಿ ಕೇಳಿದ. ಅವರೂ ಇಲ್ಲವೆಂದರು. ಐಸಿಯ ಒಳಗೆ ಸುಟ್ಟದ್ದನ್ನು ಯಾವ ಮಿಸ್ತ್ರಿಯೂ ಸುತ್ತಿ ಕೊಡಲಾರ. ಅಂಥದು ಇದ್ದದ್ದು ಒಂದೇ ಕಡೆ, ನನ್ನ ಮಷಿನ್‌ನಲ್ಲಿ.

ನವಮಿ ಮುಂದಿನ ವಾರ ಎನ್ನುವಾಗ ಅವನು ಬಂದ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಎರಡೂ ಮಷಿನುಗಳ ನಡುವೆ ನಿಂತು ಎರಡನ್ನೂ ನೋಡಿದ. ಎರಡರ ಮುಚ್ಚಳವೂ ತೆರೆದಿತ್ತು. ಯಾವುದನ್ನು ಎಲ್ಲಿಂದ ತೆಗೆದು ಎಲ್ಲಿಗೆ ಹಾಕಬೇಕೆಂದು ತಿಳಿಯದಷ್ಟು ಅವನು ದಡ್ಡನಲ್ಲ.

“ಬಿಡ್ರಿ ಮಿಸ್ತ್ರಿ,” ಎಂದ. “ಆಯಿ ಕೈಲೆ ಹೊರಗ ಹೋಗೂದು ಅದರ ಹಣ್ಯಾಗ ಇದ್ರ ಹೋಗ್ಲಿ.”

“ನಂದ ತಗೊಂಡ ಹೋಗ್ರಿ ಮಾಲಕರ. ಎರಡೂ ಒಂದ ಜಾತೀವು. ನಿಮ್ಮದು ಇಲ್ಲೆ ಇರ್ಲಿ.”

“ಸಾಲ್ಯಾಗ ನಿಮ್ಮದು ಗ್ವಾಡಿ ಕಡೆ ಇತ್ತು. ನಾ ನಿಲ್ಲತಿದ್ದ ಜಾಗಾದಿಂದ ನನಗ ಅದು ಕಾಣತಿದ್ದಿಲ್ಲ.”

ಅವನು ಇಷ್ಟೇ ಹೇಳಿ ಚಹಾ ಕುಡಿದು ಹೋದ. ನನ್ನ ಐಸಿ ಕೇಳಲಿಲ್ಲ. ಕೇಳಿದ್ದರೆ ನನಗೆ ಸಲೀಸಾಗುತ್ತಿತ್ತು. ಕೇಳಿದವರಿಗೆ ಇಲ್ಲ ಎನ್ನುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಇನ್ನೂ ಒಂದು ದಾರಿ ಇತ್ತು. ನನ್ನ ಹಲಗೆಯನ್ನು ಇಡಿಯಾಗಿ ಎತ್ತಿ ಅವನ ಡಬ್ಬಿಯಲ್ಲಿ ಕೂಡಿಸಿ, ಅವನದನ್ನು ನನ್ನ ಡಬ್ಬಿಗೆ ಹಾಕುವುದು. ನಾಲ್ಕು ಸ್ಕ್ರೂ ಬಿಚ್ಚುವ ಕೆಲಸ. ಮೇಲೆ ಹಳದಿ ಮೂರು ಹಾಗೇ ಇರುತ್ತಿತ್ತು, ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದು ಬಾಡಿ ಬದಲಿಸುವ ಅಂಗಡಿಗಳ ಕೆಲಸ. ಆ ವಿಚಾರವನ್ನು ಬಂದಲ್ಲಿಗೇ ಬಿಟ್ಟೆ.

ಮನೆಯವಳು ಊಟಕ್ಕೆ ಬಡಿಸುತ್ತ, ಅಡಗಳದ ಸುದ್ದಿ ಏನಾತು ಎಂದು ಕೇಳಿದಳು. ಹೇಳಿದೆ. ಅವಳು ಹೆಚ್ಚು ವಿಚಾರ ಮಾಡಲಿಲ್ಲ.

“ಅವರ ಮನ್ಯಾಗ ಬಂದ್ ಬಿದ್ದದ್ದು ಇರಾಕ ಬರಂಗಿಲ್ಲ,” ಎಂದಳು. “ನಮ್ಮ ಅಂಗಡ್ಯಾಗ ಬಂದ್ ಬಿದ್ದದ್ದ ಬಿಟ್ರ ಮತ್ತೇನೈತಿ?”

ಚುಚ್ಚಲೆಂದೇ ಅಂದದ್ದು. ಆದರೆ ಲೆಕ್ಕ ಸರಿಯಿತ್ತು. ಬಂದ್ ಬಿದ್ದ ಮಷಿನ್ ನನ್ನ ಖೋಲಿಯಲ್ಲಿ ಹತ್ತು ವರ್ಷ ಕುಳಿತರೂ ಅದನ್ನು ಯಾರೂ ಎತ್ತಿ ಒಗೆಯುವುದಿಲ್ಲ. ಭೋಜದಲ್ಲಿ ಅದಕ್ಕೆ ನವಮಿಯ ತನಕ ಮಾತ್ರ ಆಯುಷ್ಯ. ಎರಡರಲ್ಲಿ ಒಂದೇ ಬದುಕುವುದಾದರೆ, ಸತ್ತರೆ ಜಾಗವಿಲ್ಲದ್ದು ಬದುಕಬೇಕು.

ಮರುದಿನ ಮಧ್ಯಾಹ್ನ ಸಣ್ಣ ಸ್ಕ್ರೂಡ್ರೈವರನ್ನು ಎರಡೂ ತುದಿಗೆ ಒಂದಾದ ಮೇಲೊಂದರಂತೆ ಕೊಟ್ಟು ನನ್ನ ಮಷಿನ್‌ನ ಐಸಿಯನ್ನು ಮೇಲೆತ್ತಿದೆ. ಅದರ ಕಾಲುಗಳು ಸೂಜಿಗಿಂತ ತೆಳು. ಪದೇ ಪದೇ ತೆಗೆದು ಹಾಕಿದರೆ ಮುರಿಯುತ್ತವೆ. ಆದ್ದರಿಂದ ಸಾಲ ಕೊಟ್ಟು ತರುವಂಥ ಸಾಮಾನಲ್ಲ ಅದು. ಹೋದರೆ ಹೋದ ಹಾಗೆಯೇ ಎಂದು ಗೊತ್ತಿಟ್ಟುಕೊಂಡೇ ಅವನದಕ್ಕೆ ಒತ್ತಿದೆ. ಟೀವಿಯ ಮೇಲೆ ಅಕ್ಷರ ಬಂದವು.

ನವಮಿಯ ದಿನ ಬೆಳಿಗ್ಗೆ ಮಷಿನನ್ನು ಅದೇ ಕೌದಿಯಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನಿಪ್ಪಾಣಿಗೆ, ಅಲ್ಲಿಂದ ಭೋಜಕ್ಕೆ ಹೋದೆ. ಐಸಿ ಎಲ್ಲಿ ಸಿಕ್ಕಿತೆಂದು ಅವನು ಬಾಗಿಲಲ್ಲೇ ಕೇಳಿದ. ಸಿಕ್ಕಿತು ಎಂದೆ. ಕೊಲ್ಹಾಪುರದಲ್ಲೇ ಇರಬೇಕೆಂದು ಅವನೇ ತಿಳಿದುಕೊಂಡ.

ಪಡಸಾಲೆಯಲ್ಲಿ ಹತಾರಗಳನ್ನು ಕಂಬಳಿ ಹಾಸಿ ಸಾಲಾಗಿ ಇಟ್ಟಿದ್ದರು. ಟೀವಿಯ ಮುಂದೆ ಮಷಿನ್ ಜೋಡಿಸಿದೆವು. ಆಗ ಕರೆಂಟು ಹೋಯಿತು. ಆ ಕಾಲದಲ್ಲಿ ಅದು ಹೋದರೆ ಯಾವಾಗ ಬರುವುದೆಂದು ಹೇಳುವಂತಿರಲಿಲ್ಲ. ಆಯಿ ಟ್ರ್ಯಾಕ್ಟರ್ ಚಾಲೂ ಮಾಡಿಸಿ ನೋಡಿದಳು, ಕಾಯಿ ಒಡೆದಳು. ತಕ್ಕಡಿ ತೂಗಿ ನೋಡಿದಳು, ರಾಟಿ ತಿರುಗಿಸಿ ನೋಡಿದಳು, ಕುಡಗೋಲಿನ ಬಾಯಿಯನ್ನು ಹೆಬ್ಬೆರಳಿನಿಂದ ನೋಡಿದಳು. ಕರೆಂಟಿನಿಂದ ನಡೆಯುವವು ಹಿಂದೆ ಉಳಿದವು. ಪಂಪು ಮೊನ್ನೆ ನೀರು ಕೊಟ್ಟದ್ದನ್ನು ಅವಳೇ ನೋಡಿದ್ದಳು, ಅದಕ್ಕೂ ಕುಂಕುಮ ಆಯಿತು. ಕಡೆಗೆ ಉಳಿದದ್ದು ಇದೊಂದೇ. ಗುಜರಿಯವನ ಗಾಡಿ ಓಣಿಯಲ್ಲಿ ನಿಂತಿತ್ತು. ಬೆಳೆಗೆ ಔಷಧ ಹೊಡೆಯುವ, ತೂತು ಬಿದ್ದ ಒಂದು ಕೈಪಂಪು ಆಗಲೇ ಅದರೊಳಗೆ ಬಿದ್ದಿತ್ತು.

ಮಗ ನನ್ನ ಕಡೆ ನೋಡಿದ. ಚಾಲೂ ಐತಿ ಅಂತ ನೀವ ಹೇಳ್ರಿ, ನಿಮ್ಮ ಮಾತು ಕೇಳತಾಳ ಎಂದು ಮೆಲ್ಲಗೆ ಅಂದ. ನಾನು ಆಯಿಗೆ, ಕರೆಂಟು ಬರಲಿ, ನೀವೇ ನೋಡಿ ಎಂದೆ. ನನ್ನ ಕೆಲಸಕ್ಕೆ ನನ್ನ ಬಾಯಿಮಾತಿನ ಸಾಕ್ಷಿ ಬೇಡವಾಗಿತ್ತು. ಆಯಿ ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿ ಕುಳಿತಳು. ಗುಜರಿಯವನೂ ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕತೊಡಗಿದ. ಒಳಗೆ ಹೋಳಿಗೆಯ ಹೂರಣ ಬೇಯುವ ವಾಸನೆ ಬರುತ್ತಿತ್ತು, ಊಟಕ್ಕೆ ಯಾರೂ ಏಳಲಿಲ್ಲ.

ಹೊತ್ತು ನೆತ್ತಿಗೆ ಬಂದ ಮೇಲೆ ಪಡಸಾಲೆಯ ಬಲ್ಬು ಹತ್ತಿತು. ಅವನು ಸ್ವಿಚ್ ಒತ್ತಿದ. ಎರಡು ಸ್ವರ, ಆಮೇಲೆ ಪರದೆಯ ಮೇಲೆ ಅಕ್ಷರ. ಅವನು ಕುಳಿತು ಏನೋ ಬರೆದ. ಊರಿನ ಹೆಸರು ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಪರದೆ ತುಂಬ ಓಡತೊಡಗಿತು. ಆಯಿ ಅದನ್ನು ಓದಲಾರಳು, ಆದರೆ ನಡೆಯುತ್ತಿದೆ ಎಂಬುದು ಅವಳಿಗೆ ಸಾಕು. ಎದ್ದು ಬಂದಳು. ಮಗ ಅಡ್ಡ ಕೈ ಹಿಡಿದು, ಹೋದ ವರ್ಷ ಒಳಗೆ ನೀರು ಹೋಗಿದ್ದನ್ನು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು.

“ವರ್ಷಾತು, ಬಾಯಾಗ ನಾಲಗಿ ಇದ್ದಿಲ್ಲೇನ್ಲೇ,” ಎಂದು ಮಗನಿಗೆ ಅಂದು, ಕಾಯಿಯನ್ನು ಹೊಸ್ತಿಲ ಹೊರಗೆ ಒಯ್ದು ಒಡೆದಳು. ನೀರನ್ನು ತಂಬಿಗೆಗೆ ಬಸಿದುಕೊಂಡು, ಮಷಿನ್‌ಗೆ ಒಂದು ಹೂ ಮಾತ್ರ ಇಟ್ಟಳು.

ಆಮೇಲೆ ನನಗೆ ಕೇಳಿದಳು. “ಮಿಸ್ತ್ರಿ, ನಿನ್ನ ಅಂಗಡ್ಯಾಗೂ ಇಂಥಾದ್ದ ಒಂದ ಐತೆಂತಲ್ಲ. ಪೂಜಿ ಆತೇನ ಅದರದು?”

“ಸಂಜಿಕ್ಕ ಮಾಡೂದ್ರಿ ಆಯಿ.”

“ಚಾಲೂ ಐತಿಲ್ಲೋ?”

“ಇಲ್ರಿ. ಬಂದ್ ಐತಿ.”

ಕೀಬೋರ್ಡಿನ ಮೇಲೆ ಅವನ ಬೆರಳು ನಿಂತವು. ಪರದೆಯ ಮೇಲೆ ಊರಿನ ಹೆಸರು ಓಡುತ್ತಲೇ ಇತ್ತು. ಅವನು ನನ್ನ ಕಡೆ ತಿರುಗಲಿಲ್ಲ.

“ಹಂಗಾರ ಹೊರಗ ಹಾಕಬೇಕಲ್ಲ ಮತ್ತ,” ಎಂದಳು ಆಯಿ.

“ನಮ್ಮದು ಬಂದ್ ಬಿದ್ದದ್ದನ್ನ ನಂಬಿದ ಅಂಗಡಿರಿ. ಚಾಲೂ ಇದ್ದದ್ದು ನಮ್ಮ ಕಡೆ ಯಾರ ತರತಾರ?”

ಆಯಿ ನಕ್ಕಳು. ಒಡೆದ ಕಾಯಿಯ ಒಂದು ಹೋಳನ್ನು ಅರಿವೆಯಲ್ಲಿ ಸುತ್ತಿ, ಅದಕ್ಕೆ ಇಡು ಎಂದು ನನ್ನ ಕೈಗೆ ಕೊಟ್ಟಳು. ಬಂದ್ ಬಿದ್ದದ್ದಕ್ಕೆ ಅವಳ ಮನೆಯ ಕಾಯಿ ಹೋದದ್ದು ಅದೇ ಮೊದಲು ಎಂದು ಮಗ ಆಮೇಲೆ ಹೇಳಿದ. ಹೋಳಿಗೆ ಉಂಡೆವು. ಗುಜರಿಯವನೂ ಉಂಡ.

ಅವನು ಮೋಟಾರ್ ಸೈಕಲ್ ಮೇಲೆ ನನ್ನನ್ನು ನಿಪ್ಪಾಣಿಯ ತನಕ ಬಿಟ್ಟ. ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ, ಇಳಿಯದೆ ಕುಳಿತೇ ಹೇಳಿದ.

“ನಾ ಕೇಳಿದ್ರ ನೀವ ಕೊಡತಿದ್ದಿಲ್ಲ.”

“ಹೌದ್ರಿ,” ಎಂದೆ. “ಕೊಡತಿದ್ದಿಲ್ಲ.”

ಸಂಜೆ ಅಂಗಡಿಯಲ್ಲಿ ಪೂಜೆ ಮಾಡಿದೆ. ಸುಟ್ಟು ಬಂದ ಮೋಟಾರುಗಳು ಒಂದು ಸಾಲು, ನನ್ನ ವೈಂಡಿಂಗ್ ಮಷಿನ್ ನಡುವೆ, ಅದರ ಪಕ್ಕ ಆ ಕಂಪ್ಯೂಟರು. ಮುಚ್ಚಳ ಹಾಕಿರಲಿಲ್ಲ, ಐಸಿ ತೆಗೆದ ಜಾಗ ಖಾಲಿ ಕಾಣುತ್ತಿತ್ತು. ಭೋಜದ ಹೋಳನ್ನು ಅದರ ಮುಂದೆ ಇಟ್ಟೆ, ಸ್ವಲ್ಪ ದೂರವೇ. ಮರುದಿನ ದಸರೆಯ ಬನ್ನಿ ಕೊಡಲು ಬಂದ ಗಿರಾಕಿಗಳು ಇದು ಯಾಕ ಬಂದ್ ಆತು ಎಂದು ಕೇಳಿದರು. ಒಂದು ಐಸಿ ಇಲ್ಲ ಎಂದೆ. ಮನೆಯವಳು ಆ ಹೋಳನ್ನು ಒಯ್ದು ಚಟ್ನಿ ಮಾಡಿದಳು.

ಅದರ ನಂತರ ಕೊಲ್ಹಾಪುರಕ್ಕೆ ಹೋದಾಗಲೆಲ್ಲ ಆ ಐಸಿ ಕೇಳುತ್ತ ಬಂದೆ. ಸಿಗಲಿಲ್ಲ. ಮಷಿನ್ ಖೋಲಿಯಲ್ಲಿ ತನ್ನ ಜಾಗದಲ್ಲೇ ಇದೆ. ಧೂಳು ಒರೆಸುವಾಗ ಆ ಖಾಲಿ ಸಾಕೆಟ್ಟನ್ನೂ ಒರೆಸುತ್ತೇನೆ.